ಹವಳದ ಬೇಲಿ



ಬೇಲಿಯೇ ಎದ್ದು ಹೊಲವನ್ನು ಮೇಯಿತೆಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಬೇಲಿಯು ಮೇಯುವುದರಿಂದಲೇ ಹೊಲವು ಉಳಿಯುವ ಸ್ಥಳವೊಂದುಂಟು. ಅದು ಅಮೆರಿಕ ಖಂಡಗಳ ನಡುವಣ ಕೆರಿಬಿಯನ್ ಸಮುದ್ರ. ಹೊಲವೆಂದರೆ ಅಲ್ಲಿಯ ಹವಳದ ದಿಬ್ಬ. ಬೇಲಿಯೆಂದರೆ ನೀಳಮುಳ್ಳಿನ ಒಂದು ಪ್ರಾಣಿ. ಇಂಗ್ಲಿಷಿನಲ್ಲಿ ಇದರ ವರ್ಗಕ್ಕೆ ಸೀ ಅರ್ಚಿನ್ ಎಂದು ಹೆಸರು. ನಾವು ಕಡಲ ಮುಳ್ಳುಚೆಂಡು ಎನ್ನೋಣ. ಈ ಜಾತಿಯ ಶಾಸ್ತ್ರೀಯ ನಾಮವು ಡಯಾಡೆಮಾ ಆಂಟಿಲೇರಮ್.

ಇದರದು ಗುಂಡಾದ ಕರಿಯ ಚಿಪ್ಪು. ಸುತ್ತಲೂ ಸೂಜಿಯಂತಹ ಮುಳ್ಳುಗಳು. ಕೆಲವು ಗೇಣುದ್ದ ಬೆಳೆಯುವುವು. ಮೇಲೆ ನೆರಳು ಸುಳಿದರೆ ಸಾಕು, ಮುಳ್ಳುಗಳು ಆ ಕಡೆಗೆ ತಿರುಗುವುವು. ಚುಚ್ಚಿದ ಮುಳ್ಳು ಮಾಂಸದಲ್ಲಿಯೇ ಮುರಿಯುವುದು. ಬಾಯಿ ಇರುವುದು ಅಡಿಯಲ್ಲಿ. ಅದರೊಳಗೆ ಐದು ಹಲ್ಲುಗಳು. ಈ ದವಡೆಗೆ ಅರಿಸ್ಟಾಟಲನ ಲಾಂದ್ರವೆಂದು ಹೆಸರು. ಹಗಲೆಲ್ಲ ಬಂಡೆಯ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಇದು ಪಾಚಿಯನ್ನು ಕೆರೆದು ತಿನ್ನುವುದು.

ಈ ಮೇವಿನಲ್ಲಿಯೇ ಹವಳದ ಜೀವವಿದೆ. ಹವಳಕ್ಕೆ ಬೆಳಕು ಬೇಕು. ಅದರ ಮರಿಗಳು ನೆಲೆಯೂರಲು ಬರಿಯ ಬಂಡೆ ಬೇಕು. ಪಾಚಿಯು ಹಬ್ಬಿದರೆ ಎರಡೂ ಇಲ್ಲ. ಜಮೈಕಾ ದ್ವೀಪದಲ್ಲಿ ಪಾಚಿಯನ್ನು ತಿನ್ನುವ ಮೀನುಗಳನ್ನು ಬೆಸ್ತರು ಬಹುಕಾಲದಿಂದ ಹಿಡಿದು ಮುಗಿಸಿದ್ದರು. ಉಳಿದ ಕಾವಲುಗಾರನು ಮುಳ್ಳುಚೆಂಡೊಂದೇ.

1983ನೆಯ ಇಸವಿಯ ಜನವರಿಯಲ್ಲಿ ಪನಾಮಾ ತೀರದಲ್ಲಿ ಈ ಪ್ರಾಣಿಗಳು ಸಾಯತೊಡಗಿದುವು. ಪ್ರವಾಹಗಳ ಜಾಡು ಹಿಡಿದು ರೋಗವು ಹರಡಿತು. ಒಂದು ವರ್ಷದೊಳಗಾಗಿ ಕೆರಿಬಿಯನ್ನಿನ ಬಹುಭಾಗದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಅಳಿದುವು. 1980ರ ಚಂಡಮಾರುತದಿಂದ ಮೊದಲೇ ಜರ್ಜರಿತವಾಗಿದ್ದ ಜಮೈಕಾದ ದಿಬ್ಬಗಳಲ್ಲಿ ಪರಿಣಾಮವು ಘೋರವಾಯಿತು. 1977ರಲ್ಲಿ ತಳದ ನೂರಕ್ಕೆ 52 ಭಾಗವಿದ್ದ ಹವಳವು 1990ರ ದಶಕದ ಆದಿಯಲ್ಲಿ 3ಕ್ಕೆ ಇಳಿಯಿತು. 4 ಭಾಗವಿದ್ದ ಪಾಚಿಯು 92ಕ್ಕೆ ಏರಿತು.

ಪುನಃ ವೃದ್ಧಿಯಾಗಬಾರದೇ ಎಂದು ತಾವು ಕೇಳಬಹುದು. ಗಂಡುಹೆಣ್ಣುಗಳು ತಮ್ಮ ಬೀಜಗಳನ್ನು ನೀರಿಗೆ ಬಿಡುವುವು. ಪ್ರಾಣಿಗಳು ದೂರದೂರವಾದರೆ ಬೀಜಗಳು ಕೂಡುವುದಿಲ್ಲ. ಆದುದರಿಂದ ಚೇತರಿಕೆಯು ಬಹು ನಿಧಾನ. ಅಷ್ಟರಲ್ಲಿ 2022ರಲ್ಲಿ ಮಾರಿಯು ಮತ್ತೆ ಬಂದಿತು. ಈ ಸಲದ ಕಾರಣವು ಒಂದೇ ಜೀವಕೋಶದ ಸೂಕ್ಷ್ಮಜೀವಿಯೆಂದು 2023ರಲ್ಲಿ ಸಂಶೋಧಕರು ಸ್ಥಿರಪಡಿಸಿದರು.

ಈಗ ಫ್ಲಾರಿಡಾ, ಪೋರ್ಟೊ ರಿಕೊಗಳಲ್ಲಿ ತೊಟ್ಟಿಗಳಲ್ಲಿ ಮರಿಗಳನ್ನು ಸಾಕಿ ದಿಬ್ಬಗಳಿಗೆ ಬಿಡುತ್ತಿರುವರು. ಪ್ರಯತ್ನವು ಶ್ಲಾಘ್ಯವೇ. ಆದರೆ ಮೀನುಗಳನ್ನೂ ಉಳಿಸದಿದ್ದರೆ ಹೊಲಕ್ಕೆ ಮತ್ತೆ ಒಂದೇ ಬೇಲಿ. ಅದು ಬಿದ್ದ ದಿನ ಏನಾಯಿತೆಂಬುದನ್ನು ಜಮೈಕಾದ ಕಡಲು ಕಂಡಿದೆ.