ರಸ್ತೆ ಅಗಲವಾಗಲಿ, ಆದರೆ ನಮ್ಮನ್ನು ಕನ್ನಡದಲ್ಲಿ ಕೇಳಿ!

(ನಗರದ ಕನ್ನಡ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಹುಡುಗನಾಗಿದ್ದಾಗ ಮೊಳೆ ಜೋಡಿಸಿದ ಕೈ ಇದು, ಈಗ ಆಫ್‌ಸೆಟ್ ಯಂತ್ರ ನಡೆಸುತ್ತಿದೆ. ಮದುವೆ ಕಾರ್ಡು, ಬಿಲ್ ಬುಕ್ಕು, ರಾಜ್ಯೋತ್ಸವದ ಕರಪತ್ರ, ಇಷ್ಟೇ ನನ್ನ ಪ್ರಪಂಚ. ನಾಮಫಲಕದ ಹೋರಾಟದ ಬಗ್ಗೆ ಮಾತಾಡಿ ಎಂದು ಹುಡುಗರು ಕರೆದರು. ಆದರೆ ಇವತ್ತು ನಾನು ಅಂಗಡಿ ಬೋರ್ಡಿನ ಮಾತು ಆಡುವುದಿಲ್ಲ. ನಮ್ಮೂರ ರಸ್ತೆಯ ಮಾತು ಆಡುತ್ತೇನೆ. ಕೇಳಿದ ಮೇಲೆ ಇದು ಕನ್ನಡದ ವಿಷಯ ಹೌದೋ ಅಲ್ಲವೋ ನೀವೇ ಹೇಳಿ.

ನಮ್ಮೂರ ಪಕ್ಕ ಒಂದು ರಸ್ತೆ ಇತ್ತು. ಎದುರು ಬಸ್ಸು ಬಂದರೆ ಎತ್ತಿನ ಗಾಡಿ ಮಣ್ಣಿಗಿಳಿಯಬೇಕು, ಅಷ್ಟೇ ಅಗಲ. ಅದನ್ನು ನಾಲ್ಕು ಪಥದ ಹೆದ್ದಾರಿ ಮಾಡುತ್ತೇವೆ ಎಂದರು. ನಮಗೆ ಸಂತೋಷವೇ ಆಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಶನಿವಾರ ಪ್ರೆಸ್ಸಿಗೆ ಬೀಗ ಹಾಕಿ ಊರಿಗೆ ಬೇಗ ಸೇರುವ ಆಸೆ ಇತ್ತು. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಲು, ಟೊಮೇಟೊ ಮಾರುಕಟ್ಟೆಗೆ ಸಾಗಿಸಲು ಒಳ್ಳೆ ರಸ್ತೆ ಯಾರಿಗೆ ಬೇಡ?

ಒಂದು ದಿನ ಶಾಲೆಯ ಅಂಗಳದಲ್ಲಿ ಸಭೆ ಕರೆದರು. ಸಾರ್ವಜನಿಕ ಸಮಾಲೋಚನೆ ಅಂತ ಹೆಸರು. ಪ್ಯಾಂಟು ಷರ್ಟಿನವರು ಬಂದು ಉದ್ದನೆಯ ನಕ್ಷೆ ಬಿಡಿಸಿದರು. ಅದರ ತುಂಬ ಇಂಗ್ಲಿಷು. ಅಲ್ಲಲ್ಲಿ 'ವಿಯುಪಿ', 'ಪಿಯುಪಿ', 'ಚೈನೇಜ್' ಎಂದು ಬರೆದಿತ್ತು. ಬಂದವರಲ್ಲಿ ಒಬ್ಬರು ಮಾತ್ರ ಅರ್ಧಂಬರ್ಧ ಕನ್ನಡದಲ್ಲಿ "ರೋಡ್ ಬರುತ್ತೆ, ಪರಿಹಾರ ಬರುತ್ತೆ" ಎಂದರು. ಟೀ ಕೊಟ್ಟರು, ಪುಸ್ತಕ ಕೊಟ್ಟು ಸಹಿ ಮಾಡಿಸಿದರು. ನನ್ನ ಅಣ್ಣನೂ ಸಹಿ ಹಾಕಿದ. ಏನೆಂದು ಸಹಿ ಹಾಕಿದೆ ಅಂತ ಕೇಳಿದೆ. "ಬಂದಿದ್ದೆ ಅಂತ" ಎಂದ. ಪುಸ್ತಕದ ತಲೆಯಲ್ಲಿ ಏನು ಬರೆದಿತ್ತು ಅಂದೆ. "ಇಂಗ್ಲಿಷಿನಲ್ಲಿತ್ತು" ಎಂದ.

ವಿಯುಪಿ ಅಂದರೆ ವಾಹನ ದಾಟುವ ಕೆಳಸೇತುವೆ. ಪಿಯುಪಿ ಅಂದರೆ ಜನ ದಾಟುವ ಕೆಳಸೇತುವೆ. ನಮ್ಮೂರ ಮನೆಗಳು ರಸ್ತೆಯ ಈಚೆ, ಹೊಲಗಳು ಆಚೆ. ನಕ್ಷೆಯಲ್ಲಿ ಕೆಳಸೇತುವೆ ತೋರಿಸಿದ್ದು ಊರಿನಿಂದ ಒಂದೂವರೆ ಕಿಲೋಮೀಟರ್ ದೂರಕ್ಕೆ! ಅದೊಂದು ಅಕ್ಷರ ಅಂದು ಕನ್ನಡದಲ್ಲಿ ಇದ್ದಿದ್ದರೆ ನಮ್ಮೂರ ಮುದುಕಿಯೂ ಎದ್ದು ನಿಂತು ಕೇಳುತ್ತಿದ್ದಳು, "ಅಲ್ಲಪ್ಪಾ, ನನ್ನ ದನ ಎಲ್ಲಿ ದಾಟಬೇಕು?" ಎಂದು. ಯಾರೂ ಕೇಳಲಿಲ್ಲ. ಕೇಳಲು ಗೊತ್ತಾಗಲಿಲ್ಲ.

ಆಮೇಲೆ ಏನಾಯಿತು ಕೇಳಿ. ಇದು ನನ್ನದೇ ತಪ್ಪಿನ ಕಥೆ. ಒಂದು ಸಂಜೆ ಮದುವೆ ಕಾರ್ಡಿನ ಬಂಡಲ್ ಕಟ್ಟಲು ಹಳೇ ಪತ್ರಿಕೆಯ ಹಾಳೆ ತೆಗೆದೆ. ಅದರಲ್ಲಿ ನಮ್ಮೂರ ಹೆಸರು ಕಂಡಿತು. ನೋಡಿದರೆ ಭೂಸ್ವಾಧೀನದ ಪ್ರಕಟಣೆ. ಸರ್ವೆ ನಂಬರುಗಳ ಸಾಲಿನಲ್ಲಿ ನಮ್ಮಣ್ಣನದೂ ಇತ್ತು. ತಾರೀಖು ನೋಡಿದೆ. 26 ದಿನ ಕಳೆದಿತ್ತು. ಆಕ್ಷೇಪಣೆಗೆ ಇದ್ದದ್ದು 21 ದಿನ. ಆ ಪತ್ರಿಕೆ ಅಷ್ಟು ದಿನವೂ ನನ್ನ ಪ್ರೆಸ್ಸಿನ ಮೂಲೆಯಲ್ಲೇ ಬಿದ್ದಿತ್ತು! ಅಕ್ಷರವನ್ನೇ ನಂಬಿ ಅನ್ನ ತಿನ್ನುವ ನಾನೇ ಅದನ್ನು ಓದಿರಲಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಪ್ರಕಟಣೆ ಕನ್ನಡದಲ್ಲೇ ಇತ್ತು. ಆದರೆ ಎಂಥ ಕನ್ನಡ! ಇರುವೆ ಸಾಲಿನಂಥ ಅಕ್ಷರ. ಇಂಗ್ಲಿಷಿನಿಂದ ಎಳೆದು ತಂದ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದ ವಾಕ್ಯ. 'ಸಕ್ಷಮ ಪ್ರಾಧಿಕಾರ' ಅಂದರೆ ಯಾರು ಎಂದು ಅಣ್ಣ ಕೇಳಿದಾಗ ಎರಡು ಸಲ ಓದಿ ಹೇಳಬೇಕಾಯಿತು. ಗೆಳೆಯರೇ, ಲಿಪಿ ಕನ್ನಡವಾದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ. ಓದಿದವನಿಗೆ ತಿಳಿದರೆ ಮಾತ್ರ ಅದು ಕನ್ನಡ!

ಅವತ್ತಿನಿಂದ ನಾನು ಕಾನೂನು ತಿರುವಿ ಹಾಕಲು ಶುರುಮಾಡಿದೆ. ವಕೀಲನಲ್ಲ, ಆದರೆ ಓದಲು ಬರುತ್ತದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಜಮೀನು ಬೇಕೆಂದು ಕೇಂದ್ರ ಸರ್ಕಾರ ಮೊದಲು ಗೆಜೆಟ್ಟಿನಲ್ಲಿ ಪ್ರಕಟಿಸುತ್ತದೆ. ಆ ಗೆಜೆಟ್ ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅದರ ಸಾರವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ನಾಡಭಾಷೆಯದಾಗಿರಬೇಕು. ಆಮೇಲೆ 3ಸಿ ಕಲಮಿನಡಿ 21 ದಿನದೊಳಗೆ ಕಾರಣ ಕೊಟ್ಟು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸಲ್ಲಿಸಿದವರನ್ನು ಕರೆದು ಕೇಳಲೇಬೇಕು. ಆ ಗಡುವು ದಾಟಿ 3ಡಿ ಘೋಷಣೆ ಪ್ರಕಟವಾಯಿತೋ, ಅಲ್ಲಿಗೆ ಜಮೀನು ಕೇಂದ್ರ ಸರ್ಕಾರದ್ದು! ಹೆದ್ದಾರಿ ಕಾಯ್ದೆ ಬಿಟ್ಟು 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನು ತೆಗೆದುಕೊಂಡರೆ ಆಕ್ಷೇಪಣೆಗೆ 60 ದಿನ ಉಂಟು.

ಪರಿಸರ ಅನುಮತಿ ಬೇಕಾದ ದೊಡ್ಡ ಹೆದ್ದಾರಿಗೆ 2006ರ ಅಧಿಸೂಚನೆ ಇದೆ. ಬಹಿರಂಗ ವಿಚಾರಣೆಗೆ ಕನಿಷ್ಠ 30 ದಿನ ಮುಂಚೆ ತಿಳಿಸಬೇಕು. ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಕೂತಿರಬೇಕು. ವರದಿಯ ಸಾರಾಂಶ ಇಂಗ್ಲಿಷಿನ ಜೊತೆಗೆ ರಾಜ್ಯದ ಭಾಷೆಯಲ್ಲಿ ಇರಬೇಕು. ಕೊನೆಯಲ್ಲಿ ಜನ ಏನೇನು ಹೇಳಿದರು ಎಂಬುದನ್ನು ಬರೆದು, ಅಲ್ಲೇ ನಾಡಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು. ಎಷ್ಟು ಜನರಿಗೆ ಇದು ಗೊತ್ತು? "ಸ್ವಾಮಿ, ಬರೆದದ್ದನ್ನು ಕನ್ನಡದಲ್ಲಿ ಓದಿ" ಎಂದು ಎಷ್ಟು ಸಭೆಗಳಲ್ಲಿ ನಾವು ಕೇಳಿದ್ದೇವೆ?

ಆ ನಿಯಮವನ್ನೇ ಬದಲಿಸಲು ಹೊರಟಾಗ ಏನಾಯಿತು ಗೊತ್ತೆ? 2020ರಲ್ಲಿ ಕೇಂದ್ರ ಸರ್ಕಾರ ಹೊಸ ಕರಡು ಹೊರಡಿಸಿತು, ದೇಶದ ಜನರೆಲ್ಲ ಅಭಿಪ್ರಾಯ ತಿಳಿಸಿ ಎಂದಿತು. ಕರಡು ಇದ್ದದ್ದು ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ! ಕೋಟಿಗಟ್ಟಲೆ ಕನ್ನಡಿಗರು ದೇಶದ ಜನರಲ್ಲವೇ? ಆ ವರ್ಷದ ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅದನ್ನು ಅನುವಾದಿಸಿ ಎಂದು ಹೇಳಿ, ಅಭಿಪ್ರಾಯದ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಕೊಟ್ಟಿತು. ನಮ್ಮ ಭಾಷೆಯಲ್ಲಿ ನಮ್ಮನ್ನು ಕೇಳಿ ಎನ್ನುವುದಕ್ಕೂ ಕೋರ್ಟಿನ ಮೆಟ್ಟಿಲು ಹತ್ತಬೇಕು!

ಹಳ್ಳಿಯ ದನಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಮಾಗಡಿ ತಾಲೂಕಿನ ಹುಲಿಕಲ್‌–ಕುದೂರು ರಸ್ತೆ ನೆನಪಿಸಿಕೊಳ್ಳಿ. ಶಾಲೆಯ ಮುಖ ನೋಡದ ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯನವರ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಆಲದ ಮರಗಳನ್ನು ಸಾಕಿದ ರಸ್ತೆ. 385 ಮರ ಎಂದು ನಾಡೆಲ್ಲ ಹೇಳುತ್ತದೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ಆ ಮರಗಳಿಗೆ ಕೊಡಲಿಯ ಭಯ ಬಂತು. ತಿಮ್ಮಕ್ಕ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರಿಗೆ ಮೊರೆಯಿಟ್ಟರು. ಮರ ಉಳಿಸಿ, ಬೇರೆ ದಾರಿ ನೋಡಿ ಎಂದು ಅವರು ಅಧಿಕಾರಿಗಳಿಗೆ ಹೇಳಿದರು. 2025ರ ನವೆಂಬರ್ 14ರಂದು ಆ ತಾಯಿ ನಮ್ಮನ್ನು ಅಗಲಿದರು. ಆಕೆ ಆಡಿದ್ದು ಅಚ್ಚ ಹಳ್ಳಿಗನ್ನಡ, ಅದು ಮುಖ್ಯಮಂತ್ರಿಗೆ ಅರ್ಥವಾಯಿತು. ಆದರೆ ಆ ವರ್ಷವೇ ಆಕೆಗೆ ಪದ್ಮಶ್ರೀ ಬಂದಿತ್ತು, ನಾಡಿಗೆಲ್ಲ ಹೆಸರು ಗೊತ್ತಿತ್ತು. ಪದ್ಮಶ್ರೀ ಇಲ್ಲದ ತಿಮ್ಮಕ್ಕಂದಿರು ಯಾರ ಬಾಗಿಲಿಗೆ ಹೋಗಬೇಕು? ಅವರಿಗೆ ಇರುವುದು ಆ 21 ದಿನ ಮಾತ್ರ.

ನಮ್ಮೂರ ರಸ್ತೆ ಈಗ ಮುಗಿದಿದೆ, ಕನ್ನಡಿಯಂತಿದೆ. ಅಣ್ಣ ದಿನವೂ ದನ ಹೊಡೆದುಕೊಂಡು ಒಂದೂವರೆ ಕಿಲೋಮೀಟರ್ ಆ ಕಡೆ ನಡೆದು, ಮತ್ತೆ ಅಷ್ಟೇ ಹಿಂದೆ ಬಂದು ತನ್ನ ಹೊಲ ಸೇರುತ್ತಾನೆ. ಉಳಿದವರು ಮಧ್ಯದ ಕಟ್ಟೆ ಹತ್ತಿ ದಾಟುತ್ತಾರೆ. ಒಂದು ಸಂಜೆ ಪಕ್ಕದ ಮನೆಯ ಹೆಂಗಸು ಹುಲ್ಲಿನ ಹೊರೆ ಹೊತ್ತು ದಾಟುತ್ತಿದ್ದಳು. ಮನೆಗೆ ಬಂದು ಸೇರಲಿಲ್ಲ. ಡ್ರೈವರನನ್ನು ಎಲ್ಲರೂ ಬೈದರು. ನಾನು ಆ ನಕ್ಷೆಯನ್ನು ನೆನೆದೆ, ನನ್ನ ಪ್ರೆಸ್ಸಿನ ಮೂಲೆಯ ಆ ಹಾಳೆಯನ್ನೂ ನೆನೆದೆ. ಅರ್ಜಿ ಕೊಟ್ಟಿದ್ದರೆ ಊರ ಮುಂದೆಯೇ ಕೆಳಸೇತುವೆ ಆಗುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ. ಆದರೆ ನಾವು ಕೇಳಲೇ ಇಲ್ಲ, ಆ ನೋವು ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ನಿಮ್ಮನ್ನು ಕೇಳುತ್ತೇನೆ. ನೀವು ನಗರದಲ್ಲಿ ಇದ್ದೀರಿ. ಇಂಗ್ಲಿಷ್ ಓದಬಲ್ಲಿರಿ, ಕಂಪ್ಯೂಟರ್ ಬಲ್ಲಿರಿ. ನಿಮ್ಮಲ್ಲಿ ಬಹಳ ಜನಕ್ಕೆ ಒಂದು ಊರು ಉಂಟು. ಆ ಊರಿನ ಸುತ್ತ ಯಾವ ರಸ್ತೆ ಅಗಲವಾಗುತ್ತಿದೆ ಎಂದು ವಿಚಾರಿಸಿ. ಪತ್ರಿಕೆಯ ಪ್ರಕಟಣೆಯ ಪುಟ ಬಿಡದೆ ಓದಿ. ಅದನ್ನು ನಾಲ್ಕು ಸಾಲಿನ ತಿಳಿಗನ್ನಡದಲ್ಲಿ ಬರೆಯಿರಿ, ಕೊನೆಯ ದಿನವನ್ನು ದಪ್ಪಕ್ಷರದಲ್ಲಿ ಹಾಕಿ. ನನ್ನಂಥ ಪ್ರೆಸ್ಸಿನವನ ಹತ್ತಿರ ಬನ್ನಿ, ನೂರು ಪ್ರತಿ ನಾನು ಬಿಟ್ಟಿಯಾಗಿ ಹಾಕಿ ಕೊಡುತ್ತೇನೆ. ಡೇರಿ, ನ್ಯಾಯಬೆಲೆ ಅಂಗಡಿ, ದೇವಸ್ಥಾನದ ಗೋಡೆಗೆ ಅಂಟಿಸಿ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಕನ್ನಡದ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂದರೆ, 1963ರ ಕಾಯ್ದೆಯ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ ಎಂದು ನೆನಪಿಸಿ. ಸಭೆ ನಡೆದರೆ ಮುಂದಿನ ಸಾಲಿನಲ್ಲಿ ಕೂತು, ನಕ್ಷೆಯ ಒಂದೊಂದು ಗುರುತನ್ನೂ ಕನ್ನಡದಲ್ಲಿ ಹೇಳಿಸಿ. ಓದಲಾಗದ ಕಾಗದಕ್ಕೆ ನಿಮ್ಮ ಅಪ್ಪ ಅಮ್ಮ ಸಹಿ ಹಾಕದಂತೆ ನೋಡಿಕೊಳ್ಳಿ.

ಬೋರ್ಡಿಗೆ ಮಸಿ ಬಳಿಯಲು ಒಂದು ರಾತ್ರಿ ಸಾಕು. ಇದಕ್ಕೆ 21 ದಿನ ಬೇಕು. ಆದರೆ ಒಂದು ಊರು ತನ್ನ ಹೊಲಕ್ಕೆ ದಾಟುವ ದಾರಿ ಉಳಿದರೆ, ಅದಕ್ಕಿಂತ ದೊಡ್ಡ ಕನ್ನಡದ ಕೆಲಸ ಯಾವುದಿದೆ?

ಹೋಗಿ ಮೊದಲು ಊರಿಗೊಂದು ಫೋನ್ ಮಾಡಿ. ಜೈ ಕರ್ನಾಟಕ!