ದೇಹದ ಖರ್ಚಿನ ಲೆಕ್ಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಿಜ್ಞಾನದ ಒಂದು ವಿಷಯ ಹೇಳಬೇಕೆಂದು ಸಮಿತಿಯವರು ಕೇಳಿದಾಗ ನಾನು ಆರಿಸಿಕೊಂಡದ್ದು ನಮ್ಮ ದೇಹದ ಶಕ್ತಿಯ ಖರ್ಚು. ನಾನು ಸಾಫ್ಟ್‌ವೇರ್ ಎಂಜಿನಿಯರ್, ವೈದ್ಯನಲ್ಲ. ಆದರೆ ಇಲ್ಲಿರುವ ನನ್ನ ಗೆಳೆಯರಲ್ಲಿ ಬಹಳ ಜನರ ಕೈಯಲ್ಲಿ ಸ್ಮಾರ್ಟ್ ವಾಚ್ ಇದೆ. ಇಂದು ಇಷ್ಟು ಕ್ಯಾಲೊರಿ ಖರ್ಚಾಯಿತು ಎಂದು ಅದು ತೋರಿಸುತ್ತದೆ. ಆ ಅಂಕಿ ಎಲ್ಲಿಂದ ಬಂತು?

1782-83ರ ಚಳಿಗಾಲದಲ್ಲಿ ಫ್ರಾನ್ಸಿನ ಲಾವೋಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗೆ ಇಟ್ಟರು. ಅದರ ಮೈಶಾಖಕ್ಕೆ ಕರಗಿದ ನೀರನ್ನು ತೂಗಿದರು. ಅದು ಉಸಿರಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡನ್ನೂ ಅಳೆದರು. ಅಷ್ಟೇ ಅನಿಲ ಬರುವಷ್ಟು ಇದ್ದಿಲು ಉರಿಸಿದರೆ ಎಷ್ಟು ಮಂಜು ಕರಗುತ್ತದೆಂದು ಹೋಲಿಸಿದಾಗ ಎರಡೂ ಹತ್ತಿರ ಬಂದವು. ಉಸಿರಾಟವೂ ನಿಧಾನವಾದ ಒಂದು ದಹನವೇ ಎಂದು ತಿಳಿಯಿತು.

ಇದರಿಂದ ಸುಲಭದ ದಾರಿಯೊಂದು ತೆರೆಯಿತು. ಶಾಖವನ್ನೇ ಅಳೆಯಬೇಕಿಲ್ಲ, ಉಸಿರನ್ನು ಅಳೆದರೆ ಸಾಕು. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕಿಲೋಕ್ಯಾಲೊರಿ ಖರ್ಚಾದಂತೆ. ದಿನಕ್ಕೆ 2,000 ಕಿಲೋಕ್ಯಾಲೊರಿ ಎಂದರೆ 100 ವಾಟ್ ಬಲ್ಬು ಹಗಲೂ ರಾತ್ರಿ ಉರಿದ ಲೆಕ್ಕ.

ಆದರೆ ಮುಖಕ್ಕೆ ಮುಖವಾಡ ಕಟ್ಟಿಕೊಂಡು ದಿನವಿಡೀ ಕಳೆ ಕೀಳಲಾಗದು. ಇದಕ್ಕೆ 1950ರ ದಶಕದಲ್ಲಿ ಅಮೆರಿಕದ ನೇಥನ್ ಲಿಫ್ಸನ್ ಮತ್ತು ಸಂಗಡಿಗರು ಉಪಾಯ ಕಂಡುಕೊಂಡರು. ಭಾರದ ಜಲಜನಕ, ಭಾರದ ಆಮ್ಲಜನಕ ಎರಡೂ ಇರುವ ನೀರನ್ನು ಕುಡಿಸುವುದು. ಜಲಜನಕ ಮೂತ್ರ, ಬೆವರಿನಂತಹ ನೀರಾಗಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಹೋಗುತ್ತದೆ. ಒಂದು ತೊಟ್ಟಿಗೆ ಒಂದು ನಲ್ಲಿ, ಇನ್ನೊಂದಕ್ಕೆ ಎರಡು ನಲ್ಲಿ ಇದ್ದಂತೆ. ಎರಡೂ ಖಾಲಿಯಾಗುವ ವೇಗದ ವ್ಯತ್ಯಾಸವೇ ಉಸಿರಿನ ಲೆಕ್ಕ. ಮೊದಲು ಸಣ್ಣ ಪ್ರಾಣಿಗಳಲ್ಲಿ, 1982ರಲ್ಲಿ ಮನುಷ್ಯರಲ್ಲಿ ಇದನ್ನು ಬಳಸಿದರು. ಒಂದೆರಡು ವಾರ ಮೂತ್ರದ ಮಾದರಿ ಕೊಟ್ಟರಾಯಿತು, ಕೆಲಸ ನಿಲ್ಲಿಸಬೇಕಿಲ್ಲ.

ಈ ವಿಧಾನದಲ್ಲಿ 6,400ಕ್ಕೂ ಹೆಚ್ಚು ಜನರನ್ನು ಅಳೆದ ವರದಿ 2021ರಲ್ಲಿ ಬಂತು. ದೇಹದ ಗಾತ್ರ ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ಖರ್ಚು ಹೆಚ್ಚುಕಡಿಮೆ ಒಂದೇ! ಆದ್ದರಿಂದ ಗೆಳೆಯರೇ, ನಮ್ಮ ಹೊಟ್ಟೆ ಮುಂದೆ ಬಂದದ್ದಕ್ಕೆ ಮೂವತ್ತು ದಾಟಿದ ವಯಸ್ಸನ್ನು ದೂರುವಂತಿಲ್ಲ.

ಇನ್ನು ವಾಚಿನ ಮಾತು. ಅದು ಆಮ್ಲಜನಕದ ಬಳಕೆಯನ್ನು ಅಳೆಯುವುದಿಲ್ಲ. ನಾಡಿಬಡಿತ, ಕೈಯ ಅಲುಗಾಟ, ನಾವು ತುಂಬಿದ ವಯಸ್ಸು, ತೂಕ ಇವುಗಳಿಂದ ಸೂತ್ರ ಹಾಕಿ ಊಹಿಸುತ್ತದೆ. ಹುಲ್ಲಿನ ಹೊರೆ ಹೊತ್ತ ತಾಯಿಯ ತಲೆಯ ಮೇಲಿನ ಭಾರ ಅದಕ್ಕೆ ಗೊತ್ತಾಗದು. ಅಳತೆ ಬೇರೆ, ಅಂದಾಜು ಬೇರೆ.

ಇದು ಬರಿಯ ಪಾಠವಲ್ಲ. 6ರಿಂದ 8ನೇ ತರಗತಿಯ ಮಗುವಿನ ಬಿಸಿಯೂಟದಲ್ಲಿ 700 ಕಿಲೋಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಇರಬೇಕೆಂಬ ನಿಯಮವಿದೆ. ಮಗುವಿಗೆ ಎಷ್ಟು ಬೇಕೆಂಬ ಲೆಕ್ಕ ತಪ್ಪಿದರೆ ತಟ್ಟೆಯೇ ಕಡಿಮೆಯಾಗುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳೇ, ಮೊಬೈಲಿನ ಅಂಕಿ ನೋಡಿ ಬೆಳಗಿನ ತಿಂಡಿ ಬಿಡಬೇಡಿ. ಯಾವ ಅಂಕಿ ಕಂಡರೂ ಇದನ್ನು ಹೇಗೆ ಅಳೆದರು ಎಂದು ಮೊದಲು ಕೇಳಿ. ಹಾಗೆ ಕೇಳುವುದನ್ನು ಕಲಿಸಿದ್ದು ಈ ಶಾಲೆ.