ಇಪ್ಪತ್ತು ನಿಮಿಷದ ದಾರಿಗೆ ಇಡೀ ದಿನ



ರಜೆಗೆ ಊರಿಗೆ ಹೊರಡುವ ನಿಮ್ಮಲ್ಲಿ ಕೆಲವರಿಗೆ ಅಪ್ಪನ ಕಡೆಯವರು ಹುಬ್ಬಳ್ಳಿಯಲ್ಲಿ, ಅಮ್ಮನ ಕಡೆಯವರು ಮಂಗಳೂರಿನಲ್ಲಿ ಇರಬಹುದು. ಕೈಯಲ್ಲಿರುವುದು ಎರಡೇ ವಾರ. ಎರಡೂ ಮನೆಗಳಲ್ಲಿ ಅಜ್ಜ-ಅಜ್ಜಿ ದಿನ ಎಣಿಸುತ್ತಿರುತ್ತಾರೆ. ಈ ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ದೂರ ಸುಮಾರು 267 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಲೆಕ್ಕ ಹಾಕಿದರೆ ಇಪ್ಪತ್ತೇ ನಿಮಿಷ! ಬೆಳಿಗ್ಗೆ ಅಲ್ಲಿ ತಿಂಡಿ, ಮಧ್ಯಾಹ್ನ ಇಲ್ಲಿ ಊಟ ಅನ್ನಿಸುತ್ತದೆ, ಅಲ್ಲವೇ?

ಲೆಕ್ಕ ತಪ್ಪಲ್ಲ. ಆದರೆ ಅದು ನಕ್ಷೆಯ ಲೆಕ್ಕ, ಪ್ರಯಾಣದ ಲೆಕ್ಕವಲ್ಲ. ಇಷ್ಟು ಹತ್ತಿರದ ಊರುಗಳ ನಡುವೆ ಹೆಚ್ಚಾಗಿ ಹಾರುವುದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮೇಲೇರಲು, ಇಳಿಯಲು, ರನ್‌ವೇವರೆಗೆ ಸಾಗಲು ಬೇಕಾದ ಸಮಯವೂ ಸೇರಿದರೆ ಟಿಕೆಟ್‌ನಲ್ಲಿ ಸುಮಾರು ಒಂದು ಗಂಟೆ ಎಂದಿರುತ್ತದೆ.

ಅದೂ ನೇರ ವಿಮಾನ ಇದ್ದರೆ! ದೂರ ತೋರಿಸುವ ತಾಣಗಳು ಆ ದಿನ ವಿಮಾನ ಇದೆಯೇ ಎಂದು ನೋಡುವುದೇ ಇಲ್ಲ. ಸಣ್ಣ ಊರುಗಳನ್ನು ಜೋಡಿಸಲು ಭಾರತ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಆಯ್ದ ಮಾರ್ಗಗಳಿಗೆ ಮೂರು ವರ್ಷ ನಷ್ಟ ತುಂಬಿಕೊಡುವ ವ್ಯವಸ್ಥೆ ಅದರಲ್ಲಿದೆ. ಆಮೇಲೆ ಸೀಟು ತುಂಬಿದರೆ ವಿಮಾನ, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಇದ್ದ ವಿಮಾನ ಈ ವರ್ಷ ಇರಲೇಬೇಕೆಂದಿಲ್ಲ.

ನೇರ ವಿಮಾನ ಇಲ್ಲದ ದಿನ ಬೆಂಗಳೂರಿಗೆ ಹೋಗಿ ಬರಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 370, ಅಲ್ಲಿಂದ ಮಂಗಳೂರಿಗೆ ಸುಮಾರು 307 ಕಿ.ಮೀ. ಒಟ್ಟು ದೂರ ಎರಡೂವರೆ ಪಟ್ಟು! ನಡುವಿನ ಕಾಯುವಿಕೆ ಬೇರೆ.

ಹಾಗಾದರೆ ರಸ್ತೆ? ಯಲ್ಲಾಪುರ, ಅಂಕೋಲಾ, ಕುಂದಾಪುರ, ಉಡುಪಿ ದಾಟಿ ಸುಮಾರು 370 ಕಿ.ಮೀ.; ಏಳೆಂಟು ಗಂಟೆ. ಎಷ್ಟೋ ಸಲ ಇದೇ ವಾಸಿ. ಆದರೆ ಜೂನ್-ಜುಲೈ ಎಂದರೆ ಕರಾವಳಿಯಲ್ಲಿ ಜಡಿಮಳೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಇದೇ ಹೆದ್ದಾರಿ ಬಂದ್ ಆಯಿತು. ಮಳೆಗಾಲದಲ್ಲಿ ಹೊರಡುವ ಮುನ್ನ ಊರಿನವರನ್ನು ಒಂದು ಮಾತು ಕೇಳಿ.

ಆದ್ದರಿಂದ ಗೆಳೆಯರೇ, ದೂರ ಎಷ್ಟು ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ನಾನು ಹೊರಡುವ ದಿನ ನೇರ ವಿಮಾನ ಇದೆಯೇ? ಅದು ತಪ್ಪಿದರೆ ಮುಂದಿನದು ಯಾವಾಗ? ಒಂದು ಮನೆಯ ಬಾಗಿಲಿನಿಂದ ಇನ್ನೊಂದು ಮನೆಯ ಬಾಗಿಲಿಗೆ ಒಟ್ಟು ಎಷ್ಟು ಹೊತ್ತು? ಅಂತರರಾಷ್ಟ್ರೀಯ ಟಿಕೆಟ್ ಕೊಳ್ಳುವಾಗಲೇ ಇದನ್ನು ವಿಚಾರಿಸಿದರೆ ಇನ್ನೂ ಒಂದು ಉಪಾಯ ಕೈಯಲ್ಲಿರುತ್ತದೆ. ಮಂಗಳೂರಿಗೆ ಬಂದಿಳಿದು, ಹುಬ್ಬಳ್ಳಿಯಿಂದ ಮರಳಬಹುದು. ಆಗ ನಡುವಿನ ದಾರಿಯನ್ನು ಒಂದೇ ಸಲ ದಾಟಿದರೆ ಸಾಕು. ಉಳಿದ ದಿನ ಅಜ್ಜಿಯ ಪಾಲಿಗೆ.

ಶುಭ ಪ್ರಯಾಣ.